ಬೌಧಾಯನನಾ, ಪೈಥಾಗೊರಸಾ? ಮತ್ತೆ ಯಾಕೆ ವರ್ಗಾನೇ ಮಾಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಹತ್ತನೇ ಕ್ಲಾಸು, ಪೈಥಾಗೊರಸ್ ಪ್ರಮೇಯ ಓದ್ತಾ ಇದ್ದಾಳೆ. ವಾಟ್ಸಾಪಲ್ಲಿ ನೋಡಿದ್ರೆ ಇದು ನಮ್ಮ ಬೌಧಾಯನ ಕಂಡುಹಿಡಿದಿದ್ದು, ಗ್ರೀಕರು ಕದ್ದುಕೊಂಡು ಹೋಗಿದ್ದು ಅಂತ ಬರ್ತಾನೇ ಇರುತ್ತೆ. ನಿಜ ಎಷ್ಟು? ಇನ್ನೊಂದು ಮಗಳು ಕೇಳಿದ್ದು: 3 ಮತ್ತೆ 4 ಕೂಡಿದ್ರೆ 7 ಆಗ್ಬೇಕು, 5 ಎಲ್ಲಿಂದ ಬಂತು, ಯಾಕೆ ವರ್ಗಾನೇ ಮಾಡ್ಬೇಕು ಅಂತ. ನನಗೆ ಹೇಳಕ್ಕೆ ಆಗ್ಲಿಲ್ಲ. ನಮ್ಮ ಮನೆ ಕಟ್ಟೋ ಮೇಸ್ತ್ರೀನೂ ಮೂರು-ನಾಲ್ಕು-ಐದು ಅಂತ ಟೇಪ್ ಹಿಡೀತಾರೆ, ಅದೂ ಇದೇನಾ?

ಉತ್ತರ: ಮಗಳ ಪ್ರಶ್ನೆ ಮೊದಲು ತಗೋತೀನಿ. ಅದು ಬಿಡಿಸ್ಕೊಂಡ್ರೆ ಯಾರು ಕಂಡುಹಿಡಿದ್ರು ಅನ್ನೋ ಜಗಳದಲ್ಲಿ ಅರ್ಧ ತಾನಾಗೇ ಕರಗಿಹೋಗುತ್ತೆ.

ಈ ಪ್ರಮೇಯ ಉದ್ದಗಳನ್ನ ಕೂಡೋ ಲೆಕ್ಕವೇ ಅಲ್ಲ, ಇದು ಜಾಗ ಕೂಡೋ ಲೆಕ್ಕ. 3, 4, 5 ಬಾಹುಗಳ ಒಂದು ಲಂಬಕೋನ ತ್ರಿಭುಜ ಬರೀರಿ, ಪ್ರತಿ ಬಾಹುವಿನ ಮೇಲೂ ಹೊರಗಡೆಗೆ ಒಂದೊಂದು ಚೌಕ ಕಟ್ಟಿ. 3ರ ಮೇಲಿನ ಚೌಕದಲ್ಲಿ 9 ಮನೆ, 4ರ ಮೇಲಿನ ಚೌಕದಲ್ಲಿ 16 ಮನೆ, 5ರ ಮೇಲಿನದರಲ್ಲಿ 25 ಮನೆ. ಚಿಕ್ಕ ಎರಡು ಚೌಕ ಹಿಡಿಸೋಷ್ಟು ಜಾಗಾನೇ ದೊಡ್ಡ ಚೌಕದಲ್ಲಿರೋದು, ಪ್ರಮೇಯ ಹೇಳೋದು ಇಷ್ಟೇ. ಮಕ್ಕಳಿಗೆ ನಾವು ಎ² + ಬಿ² = ಸಿ² ಅಂತ ಬೀಜಗಣಿತದ ಸೂತ್ರ ಮಾಡಿ ಕೊಟ್ಟುಬಿಡ್ತೀವಿ, ಆಮೇಲೆ ಅವರಿಗೆ ಆ ಚಿಕ್ಕ 2 ಯಾಕಿದೆ ಅನ್ನೋದೇ ಗೊತ್ತಾಗಲ್ಲ, ಮಾರ್ಕ್ಸ್ ಬರುತ್ತೆ ಬಿಡಿ, ಆದ್ರೆ ಚಿತ್ರ ಕಣ್ಣಿಗೆ ಬರಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ಇಡೀ ಗಣಿತದಲ್ಲಿ ಕಣ್ಣಿಂದ ನೋಡಿ ನಂಬಬಹುದಾದ ದೊಡ್ಡ ಸತ್ಯ ಇಷ್ಟು ಸುಲಭವಾಗಿ ಇನ್ನೊಂದು ಸಿಗಲ್ಲ.

ಮಗಳ ಹತ್ರ ಒಂದು ಗ್ರಾಫ್ ಶೀಟ್ ತರಿಸಿ. 3 ಅಡ್ಡ 4 ಉದ್ದದ ಲಂಬಕೋನ ತ್ರಿಭುಜ ನಾಲ್ಕು ಕತ್ತರಿಸ್ಕೊಳ್ಳಿ, ನಾಲ್ಕೂ ಒಂದೇ ಥರ. ಇವನ್ನ ಸುತ್ತ ತಿರುಗಿಸ್ತಾ ಜೋಡಿಸಿ, ವಿಕರ್ಣ (ಲಂಬಕೋನದ ಎದುರಿನ ಬಾಹು) ಹೊರಗೆ ಬರ್ಬೇಕು, ಒಂದರ ಉದ್ದದ ಬಾಹುವಿಗೆ ಇನ್ನೊಂದರ ಚಿಕ್ಕ ಬಾಹು ಆತುಕೊಳ್ಳಬೇಕು. ಹೊರಗಡೆ ವಿಕರ್ಣದ ಚೌಕ ಆಗುತ್ತೆ, ಮಧ್ಯದಲ್ಲಿ ಒಂದು ಪುಟ್ಟ ಚೌಕದ ತೂತು ಉಳಿಯುತ್ತೆ, ಅದರ ಬಾಹು 4 ಕಳೆ 3, ಅಂದ್ರೆ 1. ಈಗ ಜಾಗ ಎಣಿಸಿ: ಒಂದೊಂದು ತ್ರಿಭುಜ 6 ಮನೆ, ನಾಲ್ಕಕ್ಕೆ 24, ಮಧ್ಯದ ತೂತು 1, ಒಟ್ಟು 25. ಅಂದ್ಮೇಲೆ ವಿಕರ್ಣ 5. ಎಲ್ಲಿಂದ ಬಂತು ಅಂತ ಕೇಳಿದ್ಳಲ್ಲ, ಅಲ್ಲಿಂದ ಬಂತು. 3, 4ರ ಬದಲು ಬೇರೆ ಯಾವ ಅಳತೆ ತಗೊಂಡ್ರೂ ಇದೇ ಜೋಡಣೆ ಕೂರುತ್ತೆ: ನಾಲ್ಕು ತ್ರಿಭುಜ ಸೇರಿ 2ಎಬಿ, ಮಧ್ಯದ ಚೌಕ ಬಿ ಕಳೆ ಎ-ಯ ವರ್ಗ, ಕೂಡಿದ್ರೆ 2ಎಬಿ ಹೊಡೆದುಹೋಗಿ ಎ² + ಬಿ² ಉಳಿಯುತ್ತೆ. ಪೂರ್ತಿ ಪ್ರೂಫ್ ಇದು, ಏನೂ ಬಾಕಿ ಇಲ್ಲ.

ಈ ಚಿತ್ರ ಯಾರದು ಅಂದ್ರೆ, ಚೀನಾದಲ್ಲಿ ಝೌ ಬಿ ಸುವಾನ್ ಜಿಂಗ್ ಅನ್ನೋ ಹಳೇ ಗ್ರಂಥಕ್ಕೆ ಝಾವೊ ಶುವಾಂಗ್ ಅನ್ನೋರು ಕ್ರಿ.ಶ. 3ನೇ ಶತಮಾನದಲ್ಲಿ ಬರೆದ ವ್ಯಾಖ್ಯಾನದಲ್ಲಿ ಇದಿದೆ, 3-4-5ನ್ನೇ ಇಟ್ಕೊಂಡು. ನಮ್ಮಲ್ಲಿ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ, ಅಂದ್ರೆ 12ನೇ ಶತಮಾನದಲ್ಲಿ, ಇದೇ ವಾದ ಬರುತ್ತೆ. ಒಬ್ರು ಇನ್ನೊಬ್ರದ್ದು ನೋಡಿ ಬರೆದ್ರು ಅನ್ನಕ್ಕೆ ಸಾಕ್ಷಿ ಯಾವುದೂ ಇಲ್ಲ, ನಾಲ್ಕು ತುಂಡು ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ಕೂತ ಯಾರಿಗಾದ್ರೂ ಹೊಳೆಯೋ ಜೋಡಣೆ ಇದು. ಕದ್ದಿದ್ದು ಗಿದ್ದಿದ್ದು ಅನ್ನೋ ಮಾತಿಗೆ ಮುಂಚೆ ಈ ಒಂದು ವಿಷಯ ಮನಸ್ಸಲ್ಲಿರಲಿ.

ಈಗ ಬೌಧಾಯನ. ವಾಟ್ಸಾಪಲ್ಲಿ ಬರೋದ್ರಲ್ಲಿ ಮೊದಲ ಅರ್ಧದಲ್ಲಿ ಸಾಕಷ್ಟು ನಿಜ ಇದೆ. ಬೌಧಾಯನ ಶುಲ್ಬಸೂತ್ರವನ್ನ (ಯಜ್ಞವೇದಿಗಳನ್ನ ಹಗ್ಗದಿಂದ ಅಳೆಯೋ ನಿಯಮಗಳ ಗ್ರಂಥ) ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 500ರ ಒಳಗೆ ಇಡ್ತಾರೆ, ಪೈಥಾಗೊರಸ್ ಹುಟ್ಟಿದ್ದು ಕ್ರಿ.ಪೂ. 570ರ ಸುಮಾರಿಗೆ. ಅದರಲ್ಲಿರೋ ಸೂತ್ರ ಹೀಗಿದೆ:

ದೀರ್ಘಚತುರಶ್ರಸ್ಯಾಕ್ಷ್ಣಯಾ ರಜ್ಜುಃ ಪಾರ್ಶ್ವಮಾನೀ ತಿರ್ಯಙ್ಮಾನೀ ಚ ಯತ್ಪೃಥಗ್ಭೂತೇ ಕುರುತಸ್ತದುಭಯಂ ಕರೋತಿ

ಅಂದ್ರೆ ಒಂದು ಆಯತದ ಉದ್ದದ ಹಗ್ಗ, ಅಗಲದ ಹಗ್ಗ ಬೇರೆಬೇರೆಯಾಗಿ ಎಷ್ಟೆಷ್ಟು ಜಾಗ ಮಾಡ್ತಾವೋ, ಅವೆರಡನ್ನೂ ಸೇರಿಸಿದಷ್ಟನ್ನ ಮೂಲೆಯಿಂದ ಮೂಲೆಗೆ ಎಳೆದ ಹಗ್ಗ ಒಂದೇ ಮಾಡುತ್ತೆ. ಇದರಲ್ಲಿ ತ್ರಿಭುಜದ ಸುದ್ದಿಯೇ ಇಲ್ಲ ನೋಡಿ! ಆಯತ, ಹಗ್ಗ, ಹಗ್ಗ ಮಾಡೋ ಜಾಗ, ಇಷ್ಟೇ ಇರೋದು. ಯಾವುದೋ ಒಂದು 3-4-5 ಗೊತ್ತಿತ್ತು ಅನ್ನೋದು ಬೇರೆ, ಯಾವ ಆಯತಕ್ಕಾದ್ರೂ ಇದು ನಿಜ ಅಂತ ಸಾಮಾನ್ಯ ನಿಯಮವಾಗಿ ಹೇಳೋದು ಬೇರೆ, ಬೌಧಾಯನ ಹೇಳಿರೋದು ಎರಡನೇದು. ಅದರ ಬೆನ್ನಿಗೇ ಉದಾಹರಣೆಗಳೂ ಇದಾವೆ: 3-4, 12-5, 15-8, 7-24, 12-35, 15-36. ನಮ್ಮ ಕೈಗೆ ಸಿಕ್ಕಿರೋ ಗ್ರಂಥಗಳಲ್ಲಿ ಈ ಪ್ರಮೇಯವನ್ನ ಮಾತಲ್ಲಿ ಇಷ್ಟು ಸ್ಪಷ್ಟವಾಗಿ, ಪೂರ್ತಿಯಾಗಿ ಹೇಳಿರೋ ತುಂಬಾ ಹಳೇದು ಇದೇ ಅಂತ ಚರಿತ್ರೆಕಾರರೂ ಒಪ್ತಾರೆ. ಹೆಮ್ಮೆ ಪಡೋದಾದ್ರೆ ಇದಕ್ಕೆ ಧಾರಾಳವಾಗಿ ಪಡಬಹುದು, ಸುಳ್ಳು ಸೇರಿಸೋ ಅಗತ್ಯ ಇಲ್ಲ.

ಅವರಿಗೆ ಇದು ಯಾಕೆ ಬೇಕಿತ್ತು? ಯಜ್ಞದ ವೇದಿ ಕಟ್ಟೋಕೆ. ಶ್ಯೇನಚಿತಿ ಅಂತ ಹದ್ದಿನ ಆಕಾರದ ಚಿತಿ ಕೇಳಿರ್ತೀರಿ, ಅದರ ಅಳತೆ ಏಳೂವರೆ ಚದರ ಪುರುಷ (ಪುರುಷ ಅಂದ್ರೆ ಕೈ ಎತ್ತಿ ನಿಂತ ಮನುಷ್ಯನ ಎತ್ತರ), ಐದು ಪದರ, ಪದರಕ್ಕೆ 200 ಇಟ್ಟಿಗೆ. ಅದೇ ಯಜ್ಞ ಎರಡನೇ ಸಲ ಮಾಡಿದ್ರೆ ಎಂಟೂವರೆ ಆಗ್ಬೇಕು, ಮೂರನೇ ಸಲ ಒಂಬತ್ತೂವರೆ, ಆದ್ರೆ ಆಕಾರ ಸ್ವಲ್ಪಾನೂ ಕೆಡಬಾರದು. ಈಗ ಕಷ್ಟ ಗೊತ್ತಾಗುತ್ತೆ, ಜಾಗ ಇಂತಿಷ್ಟೇ ಹೆಚ್ಚಾಗ್ಬೇಕು ಅಂದ್ರೆ ಅಳತೆಯ ಕೋಲನ್ನ ಎಷ್ಟು ಉದ್ದ ಮಾಡ್ಬೇಕು? ಅದಕ್ಕೆ ಎರಡು ಚೌಕ ಸೇರಿಸಿ ಒಂದು ಚೌಕ ಮಾಡೋ ವಿದ್ಯೆ ಬೇಕೇ ಬೇಕು. ಬೌಧಾಯನ ಹೇಳೋ ವಿಧಾನ ಕೇಳಿ: ದೊಡ್ಡ ಚೌಕದಲ್ಲಿ ಚಿಕ್ಕ ಚೌಕದ ಬಾಹುವಿನಷ್ಟು ಅಗಲದ ಒಂದು ಪಟ್ಟಿ ಗೀರಿ, ಆ ಪಟ್ಟಿಯ ಮೂಲೆಯಿಂದ ಮೂಲೆಗೆ ಹಗ್ಗ ಎಳೀರಿ, ಅದೇ ಎರಡೂ ಸೇರಿದ ಚೌಕದ ಬಾಹು. ಗುಣಾಕಾರ ಇಲ್ಲ, ವರ್ಗಮೂಲ ಇಲ್ಲ, ಸಂಖ್ಯೇನೇ ಇಲ್ಲ. ಒಂದು ಗೀರು, ಒಂದು ಹಗ್ಗ. ಪ್ರಮೇಯವನ್ನ ಕೆಲಸಕ್ಕೆ ಹಚ್ಚೋದು ಅಂದ್ರೆ ಇದು.

ಸ್ವಲ್ಪ ಹತ್ತಿರ ಹೋಗಿ ಒಂದನ್ನ ನೋಡೋಣ, ಯಾಕಂದ್ರೆ ನಿಮ್ಮ ಮೇಸ್ತ್ರಿಗೆ ಇದು ತುಂಬಾ ಇಷ್ಟ ಆಗುತ್ತೆ. ಸೋಮಯಾಗದ ಮಹಾವೇದಿ ಒಂದು ತ್ರಾಪಿಜ್ಯ, ಪೂರ್ವ-ಪಶ್ಚಿಮ 36 ಪದ (ಪದ ಅಂದ್ರೆ ಹೆಜ್ಜೆಯ ಅಳತೆ), ಪಶ್ಚಿಮದ ಬದಿ 30, ಪೂರ್ವದ ಬದಿ 24. ಇದನ್ನ ನೆಲದ ಮೇಲೆ ಗುರುತು ಮಾಡೋದು ಹೇಗೆ ಅಂತ ಆಪಸ್ತಂಬ ಶುಲ್ಬಸೂತ್ರ ಹೇಳುತ್ತೆ. 36 ಪದದ ಹಗ್ಗಕ್ಕೆ ಇನ್ನೂ 18 ಸೇರಿಸಿ, ಒಟ್ಟು 54. ಪಶ್ಚಿಮದ ತುದಿಯಿಂದ 12ಕ್ಕೆ ಒಂದು ಗುರುತು, 15ಕ್ಕೆ ಒಂದು ಗುರುತು. ಪೂರ್ವ-ಪಶ್ಚಿಮದ ಗೆರೆಯ ಎರಡು ತುದಿಗೆ 36 ಪದ ದೂರದಲ್ಲಿ ಗೂಟ ಹೊಡೆದು, ಹಗ್ಗದ ಎರಡು ತುದಿಯನ್ನೂ ಆ ಗೂಟಗಳಿಗೆ ಕಟ್ಟಿ. ಈಗ 15ರ ಗುರುತು ಹಿಡ್ಕೊಂಡು ದಕ್ಷಿಣಕ್ಕೆ ಬಿಗಿಯಾಗಿ ಎಳೀರಿ. ಹಗ್ಗ ಬಿಗಿಯಾದಾಗ ಪಶ್ಚಿಮದ ಗೂಟದಿಂದ ಕೈಗೆ 15, ಕೈಯಿಂದ ಪೂರ್ವದ ಗೂಟಕ್ಕೆ 39, ಗೂಟದಿಂದ ಗೂಟಕ್ಕೆ 36. 15-36-39, ಅಂದ್ರೆ 5-12-13ರ ಮೂರರಷ್ಟು. ಪಶ್ಚಿಮದ ಗೂಟದ ಹತ್ರ ಕರೆಕ್ಟಾಗಿ ಲಂಬಕೋನ ಬಂತು, ಅಲ್ಲೇ 15ರ ಹತ್ರ ಗೂಟ ಹೊಡೀರಿ. ಉತ್ತರಕ್ಕೆ ಎಳೆದು ಇನ್ನೊಂದು. ಪಶ್ಚಿಮದ ಬದಿ 30 ಆಯ್ತು. ಆಮೇಲೆ ಹಗ್ಗದ ತುದಿಗಳನ್ನ ಅದಲುಬದಲು ಮಾಡಿ, ಪೂರ್ವದಲ್ಲೂ 15ರ ಗುರುತು ಹಿಡಿದೇ ಎಳೀಬೇಕು, ಆದ್ರೆ ಗೂಟ ಹೊಡೆಯೋದು 12ರ ಗುರುತಿಗೆ, ಎರಡು ಕಡೆ ಸೇರಿ 24. ಒಂದೇ ಹಗ್ಗ, ಎರಡೇ ಗುರುತು, ನಾಲ್ಕು ಮೂಲೆ. ಇದನ್ನ ಓದಿದಾಗೆಲ್ಲ ನನಗೆ ಆ ಕಾಲದಲ್ಲಿ ಹಗ್ಗ ಹಿಡಿದು ನಿಂತಿದ್ದವರ ಬುದ್ಧಿಗೆ ಕೈಮುಗಿಬೇಕು ಅನ್ಸುತ್ತೆ.

ಪ್ರೂಫ್ ಇತ್ತಾ ಅಂತ ಕೇಳ್ತೀರಿ ಅಲ್ವಾ. ಸೂತ್ರದಲ್ಲಿ ಈ ನಿಯಮದ ಪ್ರೂಫ್ ಬರೆದಿಲ್ಲ, ಸೂತ್ರ ಗ್ರಂಥಗಳ ರೀತೀನೇ ಹಾಗೆ, ಬಾಯಿಪಾಠಕ್ಕೆ ಆಗೋಷ್ಟು ಚಿಕ್ಕದಾಗಿ ಇರುತ್ತೆ. ಹಾಗಂತ ಕಾರಣ ಕೊಡೋ ಅಭ್ಯಾಸಾನೇ ಇರಲಿಲ್ಲ ಅನ್ನೋದೂ ತಪ್ಪು. ಮಹಾವೇದಿಯ ಕ್ಷೇತ್ರಫಲ 972 ಅಂತ ಹೇಳಿ ಆಪಸ್ತಂಬ ಅದನ್ನ ತೋರಿಸಿಕೊಡ್ತಾನೆ ಕೂಡ: ಒಂದು ಪಕ್ಕದ ತ್ರಿಭುಜದ ತುಂಡನ್ನ ಕತ್ತರಿಸಿ, ತಿರುಗಿಸಿ ಇನ್ನೊಂದು ಪಕ್ಕಕ್ಕೆ ಇಡಿ, ಆಯತ ಆಗುತ್ತೆ, ಎಣಿಸಿ ಅಂತ. 27 ಅಗಲ, 36 ಉದ್ದ, 972. ಕತ್ತರಿಸಿ ಜೋಡಿಸಿ ನಂಬಿಸೋದು ಅವರ ದಾರಿ. ಇನ್ನು √2ಕ್ಕೆ ಬೌಧಾಯನ ಕೊಡೋ ಬೆಲೆ ನೋಡಿ: 1ಕ್ಕೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಮೂರನೇ ಭಾಗದ ನಾಲ್ಕನೇ ಒಂದು ಸೇರಿಸು, ಆ ಕೊನೇದರ 34ನೇ ಒಂದು ಭಾಗ ಕಳೆ. ಲೆಕ್ಕ ಹಾಕಿದ್ರೆ 577/408, ಅಂದ್ರೆ 1.414215 ಚಿಲ್ಲರೆ. ನಿಜವಾದ್ದು 1.414213 ಚಿಲ್ಲರೆ. ಹಗ್ಗದಲ್ಲಿ ಅಳೆಯೋರಿಗೆ ಇಷ್ಟು ಸೂಕ್ಷ್ಮ ಯಾವ ಕಾಲಕ್ಕೂ ಬೇಕಾಗಲ್ಲ, ಆದ್ರೂ ಮಾಡಿದಾರೆ, ಲೆಕ್ಕದ ಮೇಲಿನ ಪ್ರೀತಿಗೇ ಮಾಡಿರ್ಬೇಕು ಅಂತ ನನಗನ್ಸುತ್ತೆ.

ವಾಟ್ಸಾಪ್ ಮೆಸೇಜು ಬಿಟ್ಟುಬಿಡೋ ವಿಷಯ ಒಂದಿದೆ, ಬ್ಯಾಬಿಲೋನ್. ಈಗಿನ ಇರಾಕಲ್ಲಿ, ಕ್ರಿ.ಪೂ. 1800ರ ಆಸುಪಾಸು, ಬೌಧಾಯನಕ್ಕೂ ಸಾವಿರ ವರ್ಷ ಮುಂಚೆ, ಹಸಿ ಮಣ್ಣಿನ ಹಲಗೆ ಮೇಲೆ ಕಡ್ಡಿಯಲ್ಲಿ ಒತ್ತಿ ಬರೀತಿದ್ರು. ಅಂಥ ಒಂದು ಹಲಗೆ ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿದೆ, ಅಂಗೈಯಲ್ಲಿ ಹಿಡಿಸುತ್ತೆ. ಅದರ ಮೇಲೆ ಒಂದು ಚೌಕ, ಎರಡು ಕರ್ಣ. ಬಾಹುವಿನ ಮೇಲೆ 30 ಅಂತ ಬರೆದಿದೆ, ಕರ್ಣದ ಮೇಲೆ ಎರಡು ಸಂಖ್ಯೆ. ಅವರು ನಮ್ಮ ಹಾಗೆ ಹತ್ತರಲ್ಲಿ ಎಣಿಸ್ತಿರಲಿಲ್ಲ, ಅರವತ್ತರಲ್ಲಿ (ಗಂಟೆಗೆ 60 ನಿಮಿಷ ಬಂದಿದ್ದು ಅಲ್ಲಿಂದಾನೇ). ಮೊದಲ ಸಂಖ್ಯೆ 1; 24, 51, 10. ಅಂದ್ರೆ 1 + 24/60 + 51/3600 + 10/216000, ಕೂಡಿದ್ರೆ 1.41421296. √2 ಅದು! ಬೌಧಾಯನದ್ದಕ್ಕಿಂತಲೂ ಒಂದು ಕೈ ಹತ್ತಿರ. ಕೆಳಗಿನ ಸಂಖ್ಯೆ 42; 25, 35, ಅದು 30ನ್ನ ಇದರಿಂದ ಗುಣಿಸಿದಾಗ ಬರೋ ಕರ್ಣದ ಉದ್ದ. ಯಾರೋ ಲೆಕ್ಕ ಕಲೀತಿದ್ದ ಹುಡುಗನ ಕೈಬರಹ ಇರ್ಬೇಕು ಅಂತ ಬಲ್ಲೋರು ಹೇಳ್ತಾರೆ.

ಇನ್ನೊಂದು ಹಲಗೆ ಕೊಲಂಬಿಯಾ ಯೂನಿವರ್ಸಿಟಿಯಲ್ಲಿದೆ, ಪ್ಲಿಂಪ್ಟನ್ 322 ಅಂತಾರೆ. ಅದರಲ್ಲಿ 15 ಸಾಲು. ನ್ಯೂಗೆಬಾಯರ್ ಮತ್ತೆ ಸಾಕ್ಸ್ ಅನ್ನೋ ಇಬ್ಬರು 1945ರಲ್ಲಿ ಅದನ್ನ ಪ್ರಕಟಿಸಿದಾಗ ಅದು ಬರೀ ಅಂಗಡಿ ಲೆಕ್ಕ ಅಲ್ಲ ಅಂತ ಜಗತ್ತಿಗೆ ಗೊತ್ತಾಗಿದ್ದು. ಮೊದಲ ಸಾಲು 119 ಮತ್ತೆ 169. ಬೇಕಿದ್ರೆ ಈಗ್ಲೇ ಮಾಡಿ ನೋಡಿ, 169ರ ವರ್ಗದಿಂದ 119ರ ವರ್ಗ ಕಳೆದ್ರೆ 14400, ಅಂದ್ರೆ 120ರ ವರ್ಗ. ನಾಲ್ಕನೇ ಸಾಲು 12709 ಮತ್ತೆ 18541, ಉಳಿದ ಬಾಹು 13500. ಇದು ಕಣ್ಣಂದಾಜಲ್ಲಿ ಸಿಗೋ ಸಂಖ್ಯೆ ಅಲ್ಲ, ಇದರ ಹಿಂದೆ ಒಂದು ವಿಧಾನ ಇರಲೇಬೇಕು. ಅದನ್ನ ಯಾವುದಕ್ಕೆ ಬಳಸ್ತಿದ್ರು ಅನ್ನೋದ್ರ ಬಗ್ಗೆ ವಿದ್ವಾಂಸರ ಮಧ್ಯೆ ಇನ್ನೂ ವಾದ ನಡೀತಾನೇ ಇದೆ. ಆದ್ರೆ ನೆಲ ಅಳೆಯೋದಕ್ಕೂ ಲಂಬಕೋನ ಬಳಸ್ತಿದ್ರು ಅನ್ನೋದಕ್ಕೆ 1894ರಲ್ಲಿ ಸಿಪ್ಪರ್ ಅನ್ನೋ ಕಡೆ ಸಿಕ್ಕಿ ಈಗ ಇಸ್ತಾಂಬುಲ್ ಮ್ಯೂಸಿಯಮ್ಮಲ್ಲಿರೋ ಒಂದು ಜಮೀನು ನಕ್ಷೆಯ ಹಲಗೆ ಇದೆ, 2021ರಲ್ಲಿ ಡೇನಿಯಲ್ ಮ್ಯಾನ್ಸ್‌ಫೀಲ್ಡ್ ಅದರ ಬಗ್ಗೆ ಬರೆದ್ರು, ನಮ್ಮ ಸರ್ವೇ ಸ್ಕೆಚ್ ಇದ್ದಂಗೇ ಇದೆ.

ಈಜಿಪ್ಟಿನವರು 12 ಗಂಟು ಹಾಕಿದ ಹಗ್ಗದಲ್ಲಿ 3-4-5 ಮಾಡಿ ಪಿರಮಿಡ್ ಕಟ್ಟಿದ್ರು ಅನ್ನೋ ಕತೇನೂ ನೀವು ಕೇಳಿರ್ತೀರಿ, ಎಷ್ಟೋ ಪಾಠದ ಪುಸ್ತಕಗಳಲ್ಲಿ ಬಂದಿದೆ. ಅದಕ್ಕೆ ಈಜಿಪ್ಟಿನ ನೇರ ಸಾಕ್ಷಿ ಒಂದೂ ಇಲ್ಲ. 19ನೇ ಶತಮಾನದಲ್ಲಿ ಮೊರಿಟ್ಸ್ ಕ್ಯಾಂಟರ್ ಅನ್ನೋ ಗಣಿತ ಚರಿತ್ರೆಕಾರ ಹೀಗೆ ಮಾಡಿರಬಹುದು ಅಂತ ಊಹೆ ಮಾಡಿದ್ದು, ಹೇಳ್ತಾ ಹೇಳ್ತಾ ನಿಜ ಆಗಿಬಿಡ್ತು.

ಸರಿ, ಪೈಥಾಗೊರಸ್. ಗ್ರೀಸಿನ ಸಾಮೋಸ್ ದ್ವೀಪದವನು, ಆಮೇಲೆ ದಕ್ಷಿಣ ಇಟಲಿಯ ಕ್ರೋಟನ್‌ಗೆ ಹೋಗಿ ಅಲ್ಲೊಂದು ಪಂಥ ಕಟ್ಟಿದವನು. ಅವನು ಬರೆದಿದ್ದು ಒಂದು ಸಾಲೂ ಉಳಿದಿಲ್ಲ. ಈ ಪ್ರಮೇಯಕ್ಕೆ ಅವನ ಹೆಸರು ಅಂಟಿರೋದು ಅವನು ಸತ್ತು ಶತಮಾನಗಳಾದ ಮೇಲೆ ಬರೆದೋರಿಂದ. ಕಂಡುಹಿಡಿದ ಖುಷಿಗೆ ಎತ್ತು ಬಲಿ ಕೊಟ್ಟ ಅನ್ನೋ ಕತೆ ಇದೆ, ಅದನ್ನ ರೋಮಿನ ಸಿಸೆರೊನೇ ನಂಬಲಿಲ್ಲ, ಪ್ರಾಣಿಬಲಿ ಒಲ್ಲದವನು ಎತ್ತು ಯಾಕೆ ಕಡೀತಾನೆ ಅಂತ. ಹಾಗಾಗಿ ಪೈಥಾಗೊರಸ್ ಭಾರತದಿಂದ ಕದ್ದ ಅನ್ನೋಕೆ ಮುಂಚೆ ಪೈಥಾಗೊರಸ್ ಇದನ್ನ ಮಾಡಿದ್ನಾ ಅನ್ನೋದೇ ಗಟ್ಟಿ ಇಲ್ಲ ಅನ್ನೋದು ಗೊತ್ತಿರಬೇಕು. ಅವನು ಭಾರತಕ್ಕೆ ಬಂದಿದ್ದ ಅನ್ನೋದಕ್ಕೆ ನಂಬಬಹುದಾದ ಆಧಾರ ಇಲ್ಲ, ಕಳ್ಳತನಕ್ಕಂತೂ ಮೊದಲೇ ಇಲ್ಲ.

ಹಾಗಾದ್ರೆ ಗ್ರೀಕರದ್ದು ಏನೂ ಇಲ್ವಾ ಅಂದ್ರೆ, ತುಂಬಾ ಇದೆ, ಅದನ್ನ ಕಮ್ಮಿ ಮಾಡಿ ಮಾತಾಡೋದು ಅನ್ಯಾಯ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಮೊದಲನೇ ಭಾಗದಲ್ಲಿ 47ನೇ ಪ್ರತಿಜ್ಞೆಯಾಗಿ ಇದನ್ನ ಸಾಧಿಸ್ತಾನೆ, ಐದು ಆಧಾರ ಪ್ರತಿಜ್ಞೆಗಳಿಂದ ಶುರುಮಾಡಿ ಒಂದರ ಮೇಲೊಂದು ಮೆಟ್ಟಿಲು ಹತ್ತಿ. ಅವನ ಉಪಾಯ ಇದು: ಲಂಬಕೋನದ ತುದಿಯಿಂದ ವಿಕರ್ಣಕ್ಕೆ ಒಂದು ಲಂಬ ಇಳಿಸಿ, ಹಾಗೇ ಮುಂದುವರಿಸಿ ದೊಡ್ಡ ಚೌಕವನ್ನ ಎರಡು ಆಯತವಾಗಿ ಸೀಳು. ಆ ಎರಡು ಆಯತಗಳಲ್ಲಿ ಒಂದೊಂದೂ ಪಕ್ಕದ ಒಂದೊಂದು ಚಿಕ್ಕ ಚೌಕಕ್ಕೆ ಕರೆಕ್ಟಾಗಿ ಸಮ. 3-4-5ರಲ್ಲಿ ನೋಡಿದ್ರೆ ಲಂಬ 5ನ್ನ 1.8 ಮತ್ತೆ 3.2 ಅಂತ ಕಡಿಯುತ್ತೆ, ಆಯತಗಳು 5×1.8 = 9, 5×3.2 = 16. ದೊಡ್ಡ ಚೌಕದಲ್ಲಿ ಯಾವ ಭಾಗ ಯಾವ ಬಾಹುವಿಂದ ಬಂತು ಅಂತ ಬೆರಳಿಟ್ಟು ತೋರಿಸಿಬಿಡ್ತಾನೆ! ಜೊತೆಗೆ ಚೌಕದ ಕರ್ಣ ಮತ್ತೆ ಬಾಹು ಎರಡನ್ನೂ ಒಂದೇ ಅಳತೆಯಿಂದ ಉಳಿಕೆ ಇಲ್ಲದೆ ಅಳೆಯಕ್ಕೆ ಆಗಲ್ಲ, ಅಂದ್ರೆ √2 ಭಿನ್ನರಾಶಿ ಆಗಲು ಸಾಧ್ಯಾನೇ ಇಲ್ಲ ಅನ್ನೋದಕ್ಕೆ ಪ್ರೂಫ್ ಕೊಟ್ಟಿದ್ದೂ ಗ್ರೀಕರೇ. ಬ್ಯಾಬಿಲೋನಿನವರಿಗೆ, ಬೌಧಾಯನಕ್ಕೆ ಎಷ್ಟು ಹತ್ತಿರದ ಬೆಲೆ ಅನ್ನೋದು ಮುಖ್ಯ ಆಗಿತ್ತು. ಹತ್ತಿರ ಹೋಗಬಹುದು, ಮುಟ್ಟಕ್ಕಾಗಲ್ಲ ಅಂತ ಸಾಧಿಸೋದು ಬೇರೆಯದೇ ಪ್ರಶ್ನೆ. ಜಮೀನು ಅಳೆಯೋರು ಒಂದು ಕೇಳಿದ್ರು, ವೇದಿ ಕಟ್ಟೋರು ಒಂದು ಕೇಳಿದ್ರು, ಯೂಕ್ಲಿಡ್ ಇನ್ನೊಂದು ಕೇಳಿದ. ಮಗಳಿಗೆ ಇದನ್ನ ಹೀಗೇ ಹೇಳಿ, ಪರೀಕ್ಷೆಯಲ್ಲಿ ಪೈಥಾಗೊರಸ್ ಅಂತಾನೇ ಬರೀಲಿ, ಬೌಧಾಯನನ ಸೂತ್ರಾನೂ ಗೊತ್ತಿರಲಿ.

ನಮ್ಮ ಕಡೆಯ ಒಂದು ಹೆಸರು ಹೇಳದೇ ಮುಂದೆ ಹೋಗಕ್ಕೆ ಮನಸ್ಸಾಗಲ್ಲ. ಮಹಾವೀರಾಚಾರ್ಯರು, 9ನೇ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ರಾಜಧಾನಿ ಮಾನ್ಯಖೇಟ ಅಂದ್ರೆ ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಅವರ ಗಣಿತಸಾರಸಂಗ್ರಹದಲ್ಲಿ ಎರಡು ಬೀಜಸಂಖ್ಯೆಗಳಿಂದ ಇಂಥ ಆಕೃತಿ ಹುಟ್ಟಿಸೋ ವಿಧಾನ ಇದೆ. ಎರಡು ಸಂಖ್ಯೆ ತಗೊಳ್ಳಿ, ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು, ವರ್ಗಗಳ ಮೊತ್ತ ವಿಕರ್ಣ. 2 ಮತ್ತೆ 1 ಹಾಕಿ, 3-4-5 ಬರುತ್ತೆ. 3 ಮತ್ತೆ 2 ಹಾಕಿ, 5-12-13. 12 ಮತ್ತೆ 5 ಹಾಕಿ ನೋಡಿ: 144 ಕಳೆ 25 ಅಂದ್ರೆ 119, ಎರಡು ಸಲ 60 ಅಂದ್ರೆ 120, 144 ಕೂಡಿಸು 25 ಅಂದ್ರೆ 169. ಆಗ್ಲೇ ನೋಡಿದ ಬ್ಯಾಬಿಲೋನಿನ ಹಲಗೆಯ ಮೊದಲ ಸಾಲು! ಎರಡೂವರೆ ಸಾವಿರ ವರ್ಷದ ಅಂತರದಲ್ಲಿ ಇರಾಕಿನ ಲಾರ್ಸಾ ಕಡೆಯ ಮಣ್ಣಿನ ಹಲಗೆಗೂ ಮಳಖೇಡದ ಪುಸ್ತಕಕ್ಕೂ ಒಂದೇ ತ್ರಿಭುಜ ಸಿಗುತ್ತೆ.

ಭಾಸ್ಕರಾಚಾರ್ಯರ ಲೀಲಾವತಿಯ ಒಂದು ಲೆಕ್ಕಾನೂ ಮಗಳಿಗೆ ಕೊಡಿ. ಕೊಳದಲ್ಲಿ ಒಂದು ತಾವರೆ ಮೊಗ್ಗು ನೀರಿನ ಮೇಲೆ ಅರ್ಧ ಮೊಳ ಎದ್ದಿದೆ, ಗಾಳಿಗೆ ಬಾಗಿ ಎರಡು ಮೊಳ ದೂರದಲ್ಲಿ ನೀರಲ್ಲಿ ಮುಳುಗ್ತು, ಕೊಳದ ಆಳ ಎಷ್ಟು? ದಂಟಿನ ಉದ್ದ ವಿಕರ್ಣ, ಆಳ ಒಂದು ಬಾಹು, 2 ಮೊಳ ಇನ್ನೊಂದು. ಉತ್ತರ ಮೂರೂಮುಕ್ಕಾಲು ಮೊಳ. ಮಜಾ ಏನಂದ್ರೆ ಚೀನಾದ ಹಳೇ ಗಣಿತದ ಒಂಬತ್ತು ಅಧ್ಯಾಯಗಳ ಗ್ರಂಥದಲ್ಲೂ ಕೊಳದ ಮಧ್ಯದ ಜೊಂಡಿನದು ಇಂಥದ್ದೇ ಲೆಕ್ಕ ಇದೆ, ಮುರಿದ ಬಿದಿರಿನ ಲೆಕ್ಕಾನೂ ಎರಡೂ ಕಡೆ ಇದೆ.

ಈಗ ಯಾಕೆ ವರ್ಗಾನೇ ಅನ್ನೋದಕ್ಕೆ ಇನ್ನೂ ಸ್ವಲ್ಪ ಆಳಕ್ಕೆ ಹೋಗೋಣ, ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಬಾಹುಗಳ ಮೇಲೆ ಚೌಕಾನೇ ಕಟ್ಟಬೇಕು ಅಂತ ಏನಿಲ್ಲ. ಅರ್ಧ ವೃತ್ತ ಬರೀರಿ, ಸಮಬಾಹು ತ್ರಿಭುಜ ಬರೀರಿ, ಗಣಪತಿ ಚಿತ್ರಾನೇ ಬರೀರಿ, ಮೂರೂ ಒಂದೇ ಆಕಾರದಲ್ಲಿದ್ದು ಬಾಹುವಿಗೆ ತಕ್ಕಂತೆ ಚಿಕ್ಕದು ದೊಡ್ಡದು ಆಗಿದ್ರೆ ಸಾಕು, ಚಿಕ್ಕ ಎರಡರ ಜಾಗ ಸೇರಿ ದೊಡ್ಡದರ ಜಾಗ ಆಗುತ್ತೆ. ಯೂಕ್ಲಿಡ್ ಇದನ್ನ ಆರನೇ ಭಾಗದ 31ನೇ ಪ್ರತಿಜ್ಞೆಯಲ್ಲಿ ಹೇಳ್ತಾನೆ. ಯಾಕೆ ಹೀಗೆ? ಯಾವ ಆಕಾರ ಆದ್ರೂ ಉದ್ದ ಎರಡರಷ್ಟು ಮಾಡಿದ್ರೆ ಜಾಗ ನಾಲ್ಕರಷ್ಟಾಗುತ್ತೆ, ಮೂರರಷ್ಟು ಮಾಡಿದ್ರೆ ಒಂಬತ್ತರಷ್ಟು. ಆ ಚಿಕ್ಕ 2 ಬಂದಿರೋದು ಇಲ್ಲಿಂದ, ಜಾಗಕ್ಕೆ ಉದ್ದ-ಅಗಲ ಅಂತ ಎರಡು ದಿಕ್ಕಿದೆ ಅನ್ನೋದ್ರಿಂದ.

ಈಗ ಅದೇ ಲಂಬ ಇಳಿಸಿದ ಚಿತ್ರಕ್ಕೆ ಬನ್ನಿ. ಲಂಬ ಇಳಿಸಿದ ಕೂಡಲೇ ತ್ರಿಭುಜ ಎರಡು ಚಿಕ್ಕ ತ್ರಿಭುಜ ಆಗುತ್ತೆ, ಆ ಎರಡೂ ಮೂಲ ತ್ರಿಭುಜದ ಥರಾನೇ ಇರ್ತಾವೆ, ಕೋನ ಎಲ್ಲ ಅವೇ. ಒಂದರ ವಿಕರ್ಣ 3, ಇನ್ನೊಂದರದ್ದು 4, ಇಡೀದರದ್ದು 5. ಅಂದ್ರೆ ಮೂರು ಬಾಹುಗಳ ಮೇಲೆ ಒಂದೇ ಆಕಾರದ ಮೂರು ಚಿತ್ರ ಆಗ್ಲೇ ಇದಾವೆ, ಒಳಗಡೆಗೆ ಮಡಚಿಕೊಂಡು! ಚಿಕ್ಕ ಎರಡು ಸೇರಿದ್ರೆ ದೊಡ್ಡದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ, ಒಂದನ್ನ ಕತ್ತರಿಸಿದ್ದೇ ಎರಡಾಗಿರೋದು. ಲೆಕ್ಕ ಬೇಕಿದ್ರೆ 2.16 ಮತ್ತೆ 3.84, ಕೂಡಿದ್ರೆ 6. ಒಂದು ಆಕಾರಕ್ಕೆ ನಿಜ ಆದ್ಮೇಲೆ ಚೌಕಕ್ಕೂ ನಿಜ, ಎಲ್ಲದಕ್ಕೂ ನಿಜ. ಮಗಳ ಪುಸ್ತಕದಲ್ಲಿರೋ ಪ್ರೂಫು ಸಮರೂಪ ತ್ರಿಭುಜಗಳದ್ದು, ಅದು ಇದೇ, ಅನುಪಾತಗಳ ಗುಂಪಲ್ಲಿ ಈ ಚೆಂದ ಕಾಣಿಸಲ್ಲ ಅಷ್ಟೇ. ಪ್ರೂಫುಗಳಿಗಂತೂ ಕೊನೆ ಇಲ್ಲ, ಅಮೆರಿಕದ ಅಧ್ಯಕ್ಷ ಆಗೋಕೆ ಮುಂಚೆ 1876ರಲ್ಲಿ ಗಾರ್‌ಫೀಲ್ಡ್ ಕೂಡ ಒಂದು ಕೊಟ್ಟಿದಾರೆ, ಮೊನ್ನೆ ಮೊನ್ನೆ ಇಬ್ಬರು ಹೈಸ್ಕೂಲ್ ಹುಡುಗಿಯರು, ಕ್ಯಾಲ್ಸಿಯಾ ಜಾನ್ಸನ್ ಮತ್ತೆ ನೆಕಿಯಾ ಜಾಕ್ಸನ್, ತ್ರಿಕೋನಮಿತಿಯಿಂದ ಹೊಸದು ಕೊಟ್ರು, 2024ರಲ್ಲಿ ಅದು ಪ್ರಕಟ ಆಯ್ತು. ಮಗಳಿಗೆ ಇದನ್ನ ತಪ್ಪದೇ ಹೇಳಿ.

ಒಂದು ಎಚ್ಚರಿಕೆ, ಇದೆಲ್ಲ ಸಪಾಟು ನೆಲಕ್ಕೆ ಮಾತ್ರ. ಗೋಳದ ಮೇಲೆ ನಡೆಯಲ್ಲ. ಉತ್ತರ ಧ್ರುವದಿಂದ ಎರಡು ರೇಖಾಂಶ 90 ಡಿಗ್ರಿ ಅಂತರದಲ್ಲಿ ಸಮಭಾಜಕ ವೃತ್ತದ ತನಕ ಇಳಿಸಿದ್ರೆ ಮೂರೂ ಕೋನ ಲಂಬ, ಮೂರೂ ಬಾಹು ಸುಮಾರು 10,000 ಕಿಲೋಮೀಟರ್, ಎ² + ಬಿ² = ಸಿ² ಹೇಗೂ ಕೂರಲ್ಲ.

ಕೊನೆಗೆ ಮೇಸ್ತ್ರಿ. ಅವರು ಮಾಡೋದು ಇದೇ, ಆದ್ರೆ ತಿರುಗಿಸಿಕೊಂಡು. ಪ್ರಮೇಯ ಲಂಬಕೋನ ಇದ್ರೆ 3-4-5 ಆಗುತ್ತೆ ಅನ್ನುತ್ತೆ, ಮೇಸ್ತ್ರಿ 3-4-5 ಆದ್ರೆ ಲಂಬಕೋನ ಇದೆ ಅಂತಾರೆ. ಇದು ಬೇರೆ ಮಾತು, ಇದಕ್ಕೆ ಬೇರೆ ಪ್ರೂಫ್ ಬೇಕು, ಯೂಕ್ಲಿಡ್ 48ನೇದಾಗಿ ಅದನ್ನೂ ಕೊಟ್ಟಿದಾನೆ, ಮಗಳ ಪುಸ್ತಕದಲ್ಲಿ ವಿಲೋಮ ಪ್ರಮೇಯ ಅಂತ ಇರುತ್ತೆ. ಮೂಲೆಮಟ್ಟ ಇಟ್ಟು ನೋಡೋದಕ್ಕಿಂತ ಇದು ಎಷ್ಟೋ ಮೇಲು, ಆದ್ರೆ 3 ಅಡಿ, 4 ಅಡಿಯಲ್ಲೇ ನಿಲ್ಲಿಸಬೇಡಿ ಅಂತ ಅವರಿಗೆ ಹೇಳಿ. 5 ಅಡಿ ಕಡೆ ಟೇಪಲ್ಲಿ ಅರ್ಧ ಇಂಚು ತಪ್ಪಿದ್ರೆ ಮೂಲೆ ಸುಮಾರು ಒಂದು ಡಿಗ್ರಿ ತಪ್ಪುತ್ತೆ, ಆ ಗೆರೆಯನ್ನ 40 ಅಡಿ ಎಳೆದಾಗ ತುದಿಯಲ್ಲಿ ಎಂಟು ಇಂಚು ಆಚೀಚೆ ಆಗಿಹೋಗುತ್ತೆ, ಆಮೇಲೆ ಟೈಲ್ಸ್ ಹಾಕೋವಾಗ ಗೋಡೆ ಪಕ್ಕ ಸೊಟ್ಟ ಪಟ್ಟಿ ಕತ್ತರಿಸ್ತಾ ಕೂರಬೇಕು. ದಾರ ಉದ್ದ ಇದ್ದಷ್ಟೂ ಒಳ್ಳೇದು, ಆಪಸ್ತಂಬ ಹೇಳಿದ್ದೂ 54 ಪದದ ಹಗ್ಗವೇ. ನಿಮ್ಮದು 30-40 ಸೈಟಾಗಿದ್ರೆ ಅದೃಷ್ಟ, ಅದರ ಕರ್ಣ ಪೂರ್ತಿ 50 ಅಡಿ, ಸೈಟ್ ತಾನೇ ಒಂದು 3-4-5. ಅಲ್ಲಿ ಅದೇ ಅರ್ಧ ಇಂಚು ತಪ್ಪಿದ್ರೂ 40 ಅಡಿ ತುದಿಯಲ್ಲಿ ಒಂದು ಇಂಚೂ ಆಚೆ ಹೋಗಲ್ಲ. 40-60 ಆದ್ರೆ ಕರ್ಣ 72 ಅಡಿ 1 ಇಂಚು ಮೇಲೆ ಸ್ವಲ್ಪ, 20-30 ಆದ್ರೆ 36 ಅಡಿ ಮುಕ್ಕಾಲು ಇಂಚಿಗೆ ಸ್ವಲ್ಪ ಕಮ್ಮಿ. ಮಾರ್ಕಿಂಗ್ ದಿನ ಮೊದಲು ನಾಲ್ಕೂ ಬದಿ ಅಳೆದು ಎದುರುಬದುರು ಸಮ ಇದಾವಾ ನೋಡಿ, ಆಮೇಲೆ ಎರಡೂ ಕರ್ಣಕ್ಕೆ ಟೇಪ್ ಹಿಡಿಸಿ. ಎರಡೂ 50 ಬಂದ್ರೆ ಗುದ್ದಲಿ ಹಾಕಿಸಿ. ಒಂದು 50 ಅಡಿ 2 ಇಂಚು, ಇನ್ನೊಂದು 49 ಅಡಿ 10 ಇಂಚು ಅಂತ ಬಂದ್ರೆ ಸೈಟ್ ಒಂದು ಕಡೆಗೆ ವಾಲಿದೆ ಅಂತ ಅರ್ಥ, ಉದ್ದದ ಕರ್ಣ ಇರೋ ಮೂಲೆಯ ಗೂಟಗಳನ್ನ ಒಳಗೆ ಸರಿಸಿ ಮತ್ತೆ ಅಳೀರಿ. ಅಳೆಯೋವಾಗ ಟೇಪಿನ ಒಂದು ತುದಿ ಮಗಳ ಕೈಗೆ ಕೊಡಿ.